ಸದಾ ಅಪಾಯವಿದ್ದು

ಬಿಸಿ ಕಾಗದದ ವಾಸನೆ ಮೊದಲು ಮೂಗಿಗೆ ಬಂತೋ, ಆ ವಾಕ್ಯ ಮೊದಲು ಕಿವಿಗೆ ಬಿತ್ತೋ, ಈಗ ಹೇಳಲಾರೆ. ಹೋದ ತಿಂಗಳು ಆಧಾರ್ ಕಾರ್ಡಿನ ವಿಳಾಸ ಬದಲಿಸುವ ಕೆಲಸಕ್ಕೆ ಬನಹಟ್ಟಿಯಿಂದ ಜಮಖಂಡಿಗೆ ಹೋಗಿದ್ದೆ. ಒಂದು ಝೆರಾಕ್ಸ್ ಬೇಕಿತ್ತು. ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಕಾಲಕ್ಕೆ ನನ್ನದಾಗಿದ್ದ ಟೈಪಿಂಗ್ ಅಂಗಡಿಯ ಮುಂದೆಯೇ ನಿಲ್ಲಬೇಕೆಂದೇನೂ ಇರಲಿಲ್ಲ. ಅಲ್ಲಿ ಇನ್ನೂ ನಾಲ್ಕು ಅಂಗಡಿಗಳಿವೆ. ಆದರೂ ಅಲ್ಲಿಯೇ ನಿಂತೆ. ನನ್ನಿಂದ ಅಂಗಡಿಯನ್ನೂ ಕಂಪ್ಯೂಟರನ್ನೂ ಕೊಂಡವನು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡಿದ್ದ ಒಬ್ಬ ರೈತನಿಗೆ ಪರದೆ ನೋಡುತ್ತ ಓದಿ ಹೇಳುತ್ತಿದ್ದ: ‘...ಇವರಿಂದ ನನ್ನ ಪ್ರಾಣಕ್ಕೆ ಸದಾ ಅಪಾಯವಿದ್ದು, ಆತ್ಮರಕ್ಷಣೆಗಾಗಿ ಬಂದೂಕು ಹೊಂದಲು ಪರವಾನಗಿ ದಯಪಾಲಿಸಬೇಕೆಂದು...’

ಆ ವಾಕ್ಯ ನನ್ನದು. ಅದರಲ್ಲಿಯ ‘ಸದಾ’ ಅಂತೂ ಪೂರ್ತಿ ನನ್ನದು. ಮೊದಲ ಸಲ ಟೈಪ್ ಮಾಡಿ ಓದಿಕೊಂಡಾಗ ಅಲ್ಲಿ ಏನೋ ಖಾಲಿ ಇದ್ದಂತೆ ಅನಿಸಿ, ಯಾರೂ ಕೇಳದಿದ್ದರೂ ಸೇರಿಸಿದ್ದೆ.

ಆ ವರ್ಷವನ್ನು ನಾನು ಬಹಳ ಸಲ ನೆನೆದಿದ್ದೇನೆ. ತೊಂದರೆ ಇರುವುದೇ ಅಲ್ಲಿ. ನೂರು ಸಲ ಒಗೆದ ಸೀರೆಯ ಬಣ್ಣ ನೋಡಿ ಅದು ಅಂಗಡಿಯಿಂದ ಬಂದ ದಿನ ಹೇಗಿತ್ತೆಂದು ಹೇಳುವುದು ಹೇಗೆ? ಮಲ್ಲಪ್ಪ ನನ್ನ ಅಂಗಡಿಗೆ ಮೊದಲು ಬಂದದ್ದು ಕೈಯಲ್ಲಿ ದಸರೆಯ ಬನ್ನಿ ಎಲೆ ಹಿಡಿದುಕೊಂಡು ಎಂದು ನನ್ನ ನೆನಪು ಹೇಳುತ್ತದೆ. ಅರ್ಜಿಯ ಫೈಲಿನ ಮೇಲಿದ್ದ ತಾರೀಖು ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರದ್ದು. ದಸರೆಗೆ ಇನ್ನೂ ನಾಲ್ಕು ತಿಂಗಳು. ಹಾಗಾದರೆ ಬನ್ನಿ ಎಲೆಯನ್ನು ತೆಗೆದು ಬರೆಯುತ್ತೇನೆ. ಮಲ್ಲಪ್ಪ ಬರಿಗೈಯಲ್ಲಿ ಬಂದ. ಒದ್ದೆ ಛತ್ರಿಯನ್ನು ಬಾಗಿಲಿಗೆ ಒರಗಿಸಿದ. ಹಿಪ್ಪರಗಿಯ ಕಡೆ, ಹೊಳೆದಂಡೆಯ ಒಂದು ಹಳ್ಳಿಯಿಂದ ಬಂದಿದ್ದ. ನಲವತ್ತೈದರ ಆಸುಪಾಸು, ನಗುಮುಖ.

“ಅಕ್ಕಾರ, ಹಂದಿ ಸಂಬಂಧ ಒಂದು ಬಂದೂಕಿನ ಅರ್ಜಿ ಬರೀಬೇಕಾಗೇತ್ರಿ.”

“ಎಷ್ಟ ಹಂದಿ ಬರತಾವ್ರಿ?”

“ಎಣಸಾಕ ನಿಂದರತಾವೇನ್ರಿ ಅವು? ಹೋದ ವರ್ಷ ಅರ್ಧಾ ಎಕರೆ ಕಬ್ಬ ಮಲಗಿಸಿ ಹೋಗ್ಯಾವ. ಪಟಾಕಿ ಹಾರಿಸಿದೆ. ಹೊಲದ ಸುತ್ತ ಹೆಣತಿ ಹಳೇ ಸೀರಿ ಕಟ್ಟಿದೆ. ಅಕಿ ಸೀರಿಗೆ ಹಂದಿ ಅಂಜಲಿಲ್ರಿ, ಅದಕ್ಕ ಅಂಜಾಂವ ನಾ ಒಬ್ಬನ.”

ನಾನು ನಕ್ಕೆ. ಹಂದಿಯ ಅರ್ಜಿಯನ್ನೇ ಟೈಪ್ ಮಾಡತೊಡಗಿದೆ. ಇಲ್ಲಿಂದ ಮುಂದೆ ನನಗೆ ಸರಿಯಾಗಿ ಗೊತ್ತಿಲ್ಲ.

ನಮ್ಮ ಅಂಗಡಿ ಸಾಲಿನಲ್ಲಿ ಒಂದು ನಂಬಿಕೆ ಇತ್ತು. ಬರೀ ಹಂದಿ ಎಂದು ಬರೆದ ಅರ್ಜಿ ಕಚೇರಿಯಲ್ಲೇ ಕುಳಿತುಬಿಡುತ್ತದೆ, ಮನುಷ್ಯನ ಹೆಸರು ಹಾಕಿದ ಅರ್ಜಿ ಏಳುತ್ತದೆ ಎಂದು. ಯಾರು ಎಣಿಸಿ ನೋಡಿದ್ದರೋ ತಿಳಿಯದು. ಚಹಾದ ಹೊತ್ತಿಗೆ ಒಬ್ಬರಿಂದ ಒಬ್ಬರಿಗೆ ದಾಟಿದ ಮಾತು. ಅದನ್ನು ಆ ದಿನ ಆಡಿದವರು ಯಾರು? ಮಲ್ಲಪ್ಪನೇ ಎಲ್ಲಿಯೋ ಕೇಳಿಕೊಂಡು ಬಂದು ಹೇಳಿದ ಎಂದು ಕೆಲವು ವರ್ಷ ನಂಬಿದೆ. ಪಕ್ಕದ ಅಂಗಡಿಯವರು ಕೂಗಿ ಹೇಳಿದರು ಎಂದು ಇನ್ನು ಕೆಲವು ವರ್ಷ. ಪಕ್ಕದ ಅಂಗಡಿ ಆ ವಾರ ಮುಚ್ಚಿತ್ತು; ಅವರ ಮನೆಯಲ್ಲಿ ಮದುವೆ. ಉಳಿದವಳು ನಾನು.

“ಹಂದಿ ಹೆಸರಿಲೆ ಕೊಟ್ಟರ ಕುಂದರತೈತ್ರಿ,” ಎಂದೆ. “ಪ್ರಾಣಕ್ಕ ಅಪಾಯ ಐತಿ ಅಂತ ಒಂದ ಸಾಲ ಹಾಕೂಣ. ಬಾಜೂ ಹೊಲದಾವರು ಯಾರ್ರಿ?”

“ಜಿನ್ನಪ್ಪ. ಅಂವ ನನ್ನ ದೋಸ್ತ ರೀ. ಒಂದ ಸಾಲಿ, ಒಂದ ಬೆಂಚ.”

“ಜಗಳಗಿಗಳ ಏನರ?”

“ನೀರಿನ ಪಾಳಿಗೆ ವಾರಕ್ಕೊಂದ ಸಲ ಇದ್ದದ್ದ ಬಿಡ್ರಿ. ಶನಿವಾರ ಬೈದಾಡತೇವಿ, ಆಯಿತವಾರ ಕೂಡಿ ಚಾ ಕುಡೀತೇವಿ.”

“ಬರೇ ಕಾಗದಕ್ಕರಿ.”

“ಹಾಕ್ರಿ ಹಂಗಾರ,” ಎಂದ. ನಗುತ್ತಲೇ ಇದ್ದ. “ಜಿನ್ನಪ್ಪನಿಂದ ಪ್ರಾಣಕ್ಕ ಅಪಾಯ! ಅಂವ ಕೇಳಿದ್ರ ಬಿದ್ದ ಬಿದ್ದ ನಗತಾನ್ರಿ.”

ಜಿನ್ನಪ್ಪನ ತಂದೆಯ ಹೆಸರು, ಅಡ್ಡಹೆಸರು, ಹೊಲದ ಸರ್ವೆ ನಂಬರು, ಎಲ್ಲವನ್ನೂ ಅವನೇ ಹೇಳಿದ. ನಾನು ಕೇಳಿರಲಿಲ್ಲ. ಕೆಳಗೆ ಸಹಿ ಮಾಡಿ, ಛತ್ರಿ ಮರೆತು ಹೋಗಿ, ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದು ಒಯ್ದ.

ಜಿನ್ನಪ್ಪ ಬಂದದ್ದು ಶ್ರಾವಣದಲ್ಲಿ. ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ. ಜೈನರ ಮನೆತನ, ದೀಪಕ್ಕೆ ಬಂದ ಹುಳ ಅನ್ನದಲ್ಲಿ ಬಿದ್ದು ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ಉಣ್ಣದವರು. ಕುರ್ಚಿಯ ಅಂಚಿನ ಮೇಲೆ ಕುಳಿತು ಹೇಳಿದ:

“ನಮ್ಮಪ್ಪನ ಬಂದೂಕ ಠಾಣೆದಾಗ ಜಮಾ ಐತ್ರಿ. ಅಂವ ಸತ್ತಾಗಿಂದ ನಾ ಆ ಕಡೆ ಹಾದಿಲ್ಲ. ಈಗ ಅದನ್ನ ನನ್ನ ಹೆಸರಿಗೆ ಮಾಡಸ್ಬೇಕ್ರಿ.”

“ಹಂದಿ ಸಂಬಂಧಾನ್ರಿ?”

“ಹಂದಿ ನನಗೇನ ಮಾಡ್ಯಾವ್ರಿ? ಅವೂ ನಾಕ ತುತ್ತ ಉಂಡ ಹೋಗವಲ್ಲವ್ಯಾಕ. ಇದು ಮನಷ್ಯಾನ ಸಂಬಂಧ.”

ಅರ್ಜಿ ಬಂದ ಮೇಲೆ ಊರಿಗೆ ಹೋಗಿ ವಿಚಾರಿಸುವುದು ಪೊಲೀಸರ ಕೆಲಸ. ವಿಚಾರಿಸಿದ್ದರು. ನಮ್ಮ ಸಾಲಿನಲ್ಲಿ ಕುಳಿತು ಬರೆಯುವ ಯಾರಿಗೂ ಆ ಕಾಗದ ಊರು ತಲುಪುತ್ತದೆ, ಅಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದುತ್ತಾರೆ ಎಂಬುದು ತಲೆಗೆ ಹೊಳೆದಿರಲಿಲ್ಲ. ನಮಗೆ ಅರ್ಜಿ ಎಂದರೆ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವ ವಸ್ತು.

“ಡೇರಿ ಮುಂದ ಹಾಲ ಹಾಕಾಕ ನಿಂತಿದ್ದೆ,” ಎಂದ ಜಿನ್ನಪ್ಪ. “ಪೊಲೀಸಪ್ಪ ಕಾಗದಾ ಓದಿ, ‘ಜಿನ್ನಪ್ಪ ಅಂದ್ರ ಯಾರು? ಮಲ್ಲಪ್ಪನ ಪ್ರಾಣಕ್ಕ ಸದಾ ಅಪಾಯ ಮಾಡಾಂವ ನೀನ ಏನು?’ ಅಂದ್ರಿ. ಕೂಡಿದ ಮಂದಿ ನಕ್ಕರು. ನಾನೂ ನಗಬೇಕಂತ ಮಾಡಿದ್ದೆ. ಆದ್ರ ಸದಾ ಅಂತ ಐತೆಲ್ರಿ. ಯಾವದೋ ಸಿಟ್ಟಿನಾಗ ಒಂದ ಸಲ ಬರಸಿದ್ರ ತಿಳೀತಿತ್ತು. ಸದಾ ಅಂದ್ರ ಸಾಲ್ಯಾಗ ಒಂದ ಬೆಂಚಿನ ಮ್ಯಾಲ ಕುಂತಾಗೂ ಅಂವಗ ಹಂಗ ಅನಸತಿತ್ತು ಅಂತಲ್ರಿ?”

ನಾನು ಅದೇ ಫೈಲು ತೆರೆದೆ. ಮಲ್ಲಪ್ಪ ಇದ್ದಲ್ಲಿ ಜಿನ್ನಪ್ಪ, ಜಿನ್ನಪ್ಪ ಇದ್ದಲ್ಲಿ ಮಲ್ಲಪ್ಪ. ಆ ಸಾಲಿನಲ್ಲಿ ಬೇರೇನನ್ನೂ ಬದಲಿಸಬೇಕಾಗಲಿಲ್ಲ. ಪರದೆ ಅವನಿಗೆ ಕಾಣದಂತೆ ಸ್ವಲ್ಪ ತಿರುಗಿಸಿದೆ. ಇದು ಮಾತ್ರ ಕೈಗೆ ನೆನಪಿದೆ, ಪರದೆಯ ಹಿಂಬದಿ ಬಿಸಿಯಾಗಿತ್ತು.

ಆಗಲೇ ಅವನಿಗೆ ಹೇಳಿದೆ, ಆ ಸಾಲು ಮಲ್ಲಪ್ಪನದಲ್ಲ ನನ್ನದು ಎಂದು ಹೇಳಿದೆ, ಅವನು ನಂಬಲಿಲ್ಲ. ಹೀಗೊಂದು ದೃಶ್ಯವನ್ನು ಬಹಳ ಕಾಲ ಇಟ್ಟುಕೊಂಡಿದ್ದೆ. ಅವನು ತಲೆ ಅಲ್ಲಾಡಿಸಿದ ರೀತಿಯೂ ಅದರಲ್ಲಿತ್ತು. ಅದು ನಾನು ಕಟ್ಟಿಕೊಂಡದ್ದು. ಹೇಳಿದ್ದರೆ ಅವನು ಸಹಿ ಮಾಡುತ್ತಿರಲಿಲ್ಲ. ಸಹಿ ಮಾಡಿದ. ಅಕ್ಷರಗಳು ದುಂಡಗಿದ್ದವು.

ಬನ್ನಿ ಎಲೆ ಬರುವುದು ಈಗ. ದಸರೆಯ ಮರುದಿನ ಮಲ್ಲಪ್ಪ ಬಂದು ನನ್ನ ಕೈಯಲ್ಲಿ ಎಲೆ ಇಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ,” ಎಂದ. ಲೈಸನ್ಸ್ ಬಂದಿತ್ತು. ಒಂಟಿ ನಳಿಗೆಯ ಬಂದೂಕು ಕೊಂಡು, ಖಂಡೇನವಮಿಯ ದಿನ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾಗಳ ಜೊತೆ ಇಟ್ಟು, ಕುಂಕುಮ ಹಚ್ಚಿ ಪೂಜೆ ಮಾಡಿದ್ದ. ಜಿನ್ನಪ್ಪನ ಮನೆಗೂ ಅವನಪ್ಪನ ಬಂದೂಕು ಅಷ್ಟರಲ್ಲಿ ಬಂದಿತ್ತು.

“ಜಿನ್ನಪ್ಪಗ ಬನ್ನಿ ಕೊಟ್ರೇನ್ರಿ?” ಎಂದು ಕೇಳಿದೆ.

ಮಲ್ಲಪ್ಪ ಬಾಗಿಲ ಕಡೆ ನೋಡಿದ. “ಕೊಡಬೇಕಂತ ಹೋಗಿದ್ದೆ. ಬಾಗಲದಾಗ ಬಂದೂಕ ಒರಗಿಸಿ ಕುಂತಿದ್ದ. ಒರಸಾಕತ್ತಿದ್ನೋ ಏನೋ. ಹೊಳ್ಳಿ ಬಂದೆ.”

ಇಷ್ಟು ಹೊತ್ತಿಗೆ ನಾನು ಏನಾದರೂ ಮಾಡಬೇಕಿತ್ತು. ಮಾಡಿದೆ, ತಡವಾಗಿ. ಕಾರ್ಖಾನೆಗಳು ಶುರುವಾಗಿ, ಎರಡೆರಡು ಟ್ರೇಲರಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುವ ಚಳಿಗಾಲದ ಒಂದು ಮಧ್ಯಾಹ್ನ, ಅಂಗಡಿ ಮುಚ್ಚಿ ಅವರ ಊರಿನ ಬಸ್ಸು ಹತ್ತಿದೆ. ಮಲ್ಲಪ್ಪನ ಕಬ್ಬು ಕಡಿದಾಗಿತ್ತು. ಕಬ್ಬಿನ ಒಣಗರಿಯ ರವದಿ ಸುಟ್ಟ ಕರಿ ನೆಲ. ಅಲ್ಲಿ ನಿಂತರೆ ಜಿನ್ನಪ್ಪನ ಮನೆಯ ಹಿತ್ತಲವರೆಗೂ ಎಲ್ಲ ಬಯಲು.

“ಅರ್ಜಿಯೊಳಗಿನ ಸಾಲ ಸುಳ್ಳು, ನಾ ಬರದದ್ದು ಅಂತ ಬರದ ಕೊಡತೇನ್ರಿ,” ಎಂದು ಮಲ್ಲಪ್ಪನಿಗೆ ಹೇಳಿದೆ. “ಬಂದೂಕ ವಾಪಸ್ ಕೊಟ್ಟಬಿಡ್ರಿ.”

“ವಕೀಲರನ್ನ ಕೇಳೇನ್ರಿ. ಸುಳ್ಳ ಹೇಳಿ ಲೈಸನ್ಸ್ ತಗೊಂಡಿ ಅಂತ ನನ್ನ ಮ್ಯಾಲ ಕೇಸ್ ಆಗತೈತಂತ.” ನೆಲದ ಮೇಲಿನ ಒಂದು ಕರಿ ಹೆಂಟೆಯನ್ನು ಕಾಲಿನಿಂದ ಒಡೆದ. “ಮತ್ತ ಈಗ ಆ ಸಾಲ ಸುಳ್ಳ ಹ್ಯಾಂಗ ಆಗತೈತ್ರಿ ಅಕ್ಕಾರ? ಅಂವನ ಮನ್ಯಾಗ ಬಂದೂಕ ಐತಿ. ಅರ್ಜಿ ಕೊಟ್ಟಾನ. ನನ್ನ ಹೆಸರ ಹಾಕ್ಯಾನ. ಯಾರ ಬರದ ಕೊಟ್ಟರೋ ಪುಣ್ಯಾತ್ಮರು, ನನ್ನದರಂಗನ ಬರದಾರ ನೋಡ್ರಿ, ಸದಾ ಅಪಾಯ ಅಂತ.”

ಅವನು ಅದನ್ನು ನನ್ನ ಮುಖ ನೋಡುತ್ತ ಹೇಳಿದನೋ, ನೆಲ ನೋಡುತ್ತ ಹೇಳಿದನೋ? ನೆಲ ನೋಡುತ್ತ ಎಂದು ಬರೆಯುತ್ತೇನೆ. ನನಗೆ ಅದು ಅನುಕೂಲ.

ಬಸ್ಸಿಗೆ ಕಾಯುತ್ತ ಡೇರಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಒಂದು ಕಡೆಯಿಂದ ಗುಂಡಿನ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಇನ್ನೊಂದು. ಹೊಳೆಯ ಮೇಲಿನ ಬೆಳ್ಳಕ್ಕಿಗಳು ಎದ್ದು ಒಂದು ಸುತ್ತು ಹೊಡೆದು ಕುಳಿತವು. ಹಾಲು ಹಾಕಲು ಬಂದಿದ್ದ ಒಬ್ಬ ಮುದುಕ ನನ್ನ ಮುಖ ನೋಡಿ ನಕ್ಕ.

“ಅಂಜಬ್ಯಾಡ ತಂಗಿ. ಮ್ಯಾಲ ಹಾರಸ್ತಾರ. ದಿನಾ ಇದ ಹೊತ್ತಿಗೆ. ಇಂವ ಒಂದ ಹೊಡದ್ರ ಅಂವ ಒಂದ. ಹಂದಿ ಅಂತೂ ಊರ ಬಿಟ್ಟ ಹ್ವಾದವು ನೋಡು. ಇನ್ನ ನಾವ ಉಳದೇವಿ.”

ಅದು ನಿಜ. ಆ ವರ್ಷ ಆ ಊರಿನಲ್ಲಿ ಹಂದಿಯ ಕಾಟ ಇರಲಿಲ್ಲ. ಎಲ್ಲರೂ ಅದನ್ನು ಹೇಳುತ್ತಿದ್ದರು. ಮುಂದೆ ಕೋರ್ಟಿನಲ್ಲಿಯೂ ಹೇಳಿದರು.

ಶಿವರಾತ್ರಿ ಮುಗಿಯುತ್ತಲೇ ಎಲೆಕ್ಷನ್ ಘೋಷಣೆಯಾಯಿತು. ಎಲೆಕ್ಷನ್ ಬಂದರೆ ಲೈಸನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ತಿರುಗಿ ಕೊಡುತ್ತಾರೆ. ಇಬ್ಬರೂ ಒಪ್ಪಿಸಿದರು. ಕೊರಳಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು ಅವನ ಬಂದೂಕೂ ಇವನ ಬಂದೂಕೂ ಒಂದೇ ಗೋಡೆಗೆ ಒರಗಿ ನಿಂತಿರುವುದನ್ನು ನಾನು ಕಂಡಂತೆ ಕಣ್ಣಿಗೆ ಕಟ್ಟಿದೆ. ಕಂಡಿಲ್ಲ. ಆ ಕೋಣೆಗೆ ನಾನು ಹೋಗಿಯೇ ಇಲ್ಲ.

ಆ ಬೇಸಿಗೆ ಭಯಂಕರ. ಜಮಖಂಡಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಗಡಿಯ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಅಂಥ ಒಂದು ಮಧ್ಯಾಹ್ನ ಜಿನ್ನಪ್ಪನ ಹೆಂಡತಿ ಪದ್ಮವ್ವ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಕೊಟ್ಟ ನೀರು ಕುಡಿದು, ತಾನಾಗಿ ಹೇಳಿದಳು.

“ಈಗ ಎರಡ ತಿಂಗಳಾತ್ರಿ, ಮನ್ಯಾಗ ನಿದ್ದಿ ಬರಾಕತ್ತೈತಿ. ಮೊನ್ನೆ ಇಬ್ಬರೂ ಕಾಲುವಿ ಮ್ಯಾಲ ಎದುರಾ ಬದರ ಆದ್ರಂತ. ‘ನೀರ ಬಿಟ್ಟಿ ಏನಲೇ’ ಅಂದ್ನಂತ ಮಲ್ಲಪ್ಪಣ್ಣ. ‘ಬಿಟ್ಟೇನಿ’ ಅಂದ್ರಂತ ಇವ್ರು. ಅಷ್ಟ ಮಾತಾಡಿ ಹತ್ತ ತಿಂಗಳ ಆಗಿತ್ರಿ. ಎಲೆಕ್ಷನ್ ಮುಗದ ಮ್ಯಾಲೂ ಬಂದೂಕ ಅಲ್ಲೇ ಇರಲಿ, ವಾಪಸ್ ಕೊಡಬ್ಯಾಡ್ರಿ ಅಂತ ಒಂದ ಅರ್ಜಿ ಬರದಕೊಡ್ರಿ ಅಕ್ಕಾರ.”

ನನ್ನ ಜೀವನದಲ್ಲಿ ಅಷ್ಟು ಮನಸ್ಸಿಟ್ಟು ಯಾವ ಅರ್ಜಿಯನ್ನೂ ಬರೆದಿಲ್ಲ. ಹಳೆಯ ಫೈಲು ತೆರೆಯಲಿಲ್ಲ, ಹೊಸದಾಗಿ ಬರೆದೆ. ಒಂದೂ ಪದ ಹೆಚ್ಚಾಗದಂತೆ ಬರೆದೆ. ಪದ್ಮವ್ವ ಅದನ್ನು ಮಡಚಿ ರವಿಕೆಯಲ್ಲಿಟ್ಟುಕೊಂಡು ಠಾಣೆಗೆ ಹೋದಳು. ಒಂದು ಗಂಟೆಯೊಳಗೆ ತಿರುಗಿ ಬಂದಳು.

“ಲೈಸನ್ಸ್ ಯಾರ ಹೆಸರಿಲೆ ಐತೋ ಅವರ ಸಹಿ ಬೇಕಂತ್ರಿ. ನಂದ ನಡೆಯಂಗಿಲ್ಲಂತ.”

“ಅವರ ಸಹಿ ಮಾಡಸ್ರಿ.”

“ಮಲ್ಲ್ಯಾ ಮೊದಲ ಮಾಡ್ಲಿ ಅಂತಾರ್ರಿ ಇವ್ರು.” ಕಾಗದವನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. “ಇಲ್ಲಿಗೆ ಬರೂ ಮೊದಲ ಮಲ್ಲಪ್ಪಣ್ಣನ್ನೂ ಕೇಳೇನಿ. ಜಿನ್ನ್ಯಾ ಮೊದಲ ಮಾಡ್ಲಿ ಅಂದ ಅಂವ.”

ಫಲಿತಾಂಶ ಬಂತು. ಗೆದ್ದವರು ಗುಲಾಲು ಹಾರಿಸಿದರು. ಇಬ್ಬರೂ ರಸೀದಿ ಕೊಟ್ಟು ಬಂದೂಕು ಮನೆಗೊಯ್ದರು.

ಮಳೆ ಆ ವರ್ಷ ಛಲೋ ಆಯಿತು. ಮೇಲಿನಿಂದ ನೀರು ಬಂದು ಹೊಳೆ ದಂಡೆ ಮುಟ್ಟಿತು. ಕಡಿದ ಕಬ್ಬಿನ ಕುಳೆ ಎದ್ದು, ಶ್ರಾವಣದ ಹೊತ್ತಿಗೆ ಆಳೆತ್ತರ ದಾಟಿ, ಚಳಿಗಾಲದಲ್ಲಿ ನಾನು ಕಂಡಿದ್ದ ಬಯಲು ಈಗ ಹಸಿರು ಗೋಡೆಯಾಯಿತು. ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಜಿನ್ನಪ್ಪ ಊಟ ಮುಗಿಸಿ ಹೊಲದಲ್ಲಿ ನಿಂತ ಮಳೆನೀರನ್ನು ಹರಿಯಬಿಡಲು ಸಲಿಕೆ ಹಿಡಿದು ಬದುವಿಗೆ ಹೋದ. ಬಂದೂಕು ಮನೆಯಲ್ಲಿ ಗೂಟಕ್ಕೆ ತೂಗುತ್ತಿತ್ತು. ಆಚೆ ಹೊಲದಲ್ಲಿದ್ದ ಮಲ್ಲಪ್ಪನಿಗೆ ಕಬ್ಬು ಅಲುಗಾಡಿದ್ದು ಕಂಡಿತು. ಒಂದೇ ಗುಂಡು. ಊರಿನವರು ಅದಕ್ಕೆ ಉತ್ತರವಾಗಿ ಬರಬೇಕಾದ ಇನ್ನೊಂದು ಸದ್ದಿಗೆ ಕಾದರಂತೆ. ಬರಲಿಲ್ಲ. ಆಗ ಓಡಿದರಂತೆ. ಸಲಿಕೆ ಕೆಸರಿನಲ್ಲಿ ನೆಟ್ಟಗೆ ನಿಂತಿತ್ತು, ಜಿನ್ನಪ್ಪ ಅದರ ಪಕ್ಕದಲ್ಲಿ ಬಿದ್ದಿದ್ದ. ಜೀವ ಆಗಲೇ ಹೋಗಿತ್ತು.

“ಹಂದಿ ಅಂತ ತಿಳದೆ,” ಎಂದ ಮಲ್ಲಪ್ಪ. ಅಂದು ಹೇಳಿದ, ಠಾಣೆಯಲ್ಲಿ ಹೇಳಿದ, ಕೋರ್ಟಿನಲ್ಲಿ ಹೇಳಿದ. ಹೌದಿರಬಹುದು. ಇಲ್ಲದಿರಬಹುದು. ಎರಡೂ ಒಂದೇ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದಿರಬಹುದು. ಅದನ್ನು ಬರೆಯಲು ಯಾವ ಫಾರ್ಮಿನಲ್ಲಿಯೂ ಜಾಗವಿಲ್ಲ. ಹಂದಿಗಳು ಊರು ಬಿಟ್ಟು ಹೋಗಿ ಎಷ್ಟೋ ದಿನವಾಗಿತ್ತು. ಅವನ ಅರ್ಜಿಯಲ್ಲಿ ಹಂದಿಯ ಮಾತೂ ಇರಲಿಲ್ಲ; ನಾನೇ ತೆಗೆದುಹಾಕಿದ್ದೆ. ಇದ್ದದ್ದು ಜಿನ್ನಪ್ಪನ ಹೆಸರು, ಅವನ ತಂದೆಯ ಹೆಸರು, ಸರ್ವೆ ನಂಬರು ಮತ್ತು ‘ಸದಾ’. ಹಳೆಯ ದ್ವೇಷಕ್ಕೆ ಅದೇ ಸಾಕ್ಷಿಯಾಯಿತು.

ನಾನು ಮಲ್ಲಪ್ಪನ ವಕೀಲರ ಬಳಿ ಹೋದೆ. ನನ್ನ ಅಂಗಡಿಯಿಂದ ನೂರು ಹೆಜ್ಜೆ. ಎಲ್ಲ ಹೇಳಿದೆ.

“ಸಹಿ ಯಾರದ್ರಿ?” ಎಂದರು.

“ಅವರದ.”

“ಮುಗೀತಲ್ರಿ.” ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಕೆಟ್ಟ ಮನುಷ್ಯರಲ್ಲ. “ನಿಮ್ಮನ್ನ ಸಾಕ್ಷಿಗೆ ಕರದೆ ಅನ್ರಿ. ಅಂಜಿಕಿ ಖರೆ ಅಂದ್ರ ದ್ವೇಷ ಇತ್ತು ಅಂತ ಆತು. ಅಂಜಿಕಿ ಸುಳ್ಳು ಅಂದ್ರ ಮೋಸಾ ಮಾಡಿ ಬಂದೂಕ ತಗೊಂಡ ಅಂತ ಆತು. ಯಾವ ಕಡೆ ಹೋಗೂಣ ಹೇಳ್ರಿ?”

ಮಲ್ಲಪ್ಪನಿಗೆ ಶಿಕ್ಷೆಯಾಯಿತು. ಅದು ಮುಂದಿನ ಮಾತು. ನನ್ನ ವರ್ಷ ಅದಕ್ಕೂ ಮೊದಲೇ, ಜಿನ್ನಪ್ಪ ಸತ್ತ ಹದಿನಾರನೆಯ ದಿನಕ್ಕೋ ಇಪ್ಪತ್ತನೆಯ ದಿನಕ್ಕೋ, ಪದ್ಮವ್ವ ಮತ್ತೆ ನನ್ನ ಅಂಗಡಿಯ ಕುರ್ಚಿಯ ಮೇಲೆ ಕುಳಿತಾಗ ಮುಗಿಯಿತು. ಗಂಡನ ಬಂದೂಕನ್ನು ಸರಕಾರವೇ ಇಟ್ಟುಕೊಳ್ಳಲಿ ಎಂದು ಬರೆಸಲು ಬಂದಿದ್ದಳು. ನಾನು ಬರೆದೆ. ಪೆನ್ನು ಕೊಟ್ಟೆ.

“ಈಗ ನನ್ನ ಸಹಿ ನಡೀತೈತೇನ್ರಿ?” ಎಂದಳು.

“ನಡೀತೈತ್ರಿ.”

ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿ, ಕೊಡದೆ ಕೈಯಲ್ಲೇ ಹಿಡಿದುಕೊಂಡಳು. “ಅಕ್ಕಾರ, ನೀವು ದಿನಾ ಇಂಥವ ಬರೀತೀರಿ, ನಿಮಗ ಗೊತ್ತಿರತೈತಿ. ಮಲ್ಲಪ್ಪಣ್ಣ ಇವರಿಗೆ ಖರೇನ ಅಷ್ಟ ಅಂಜತಿದ್ದನೇನ್ರಿ? ಇವ್ರು ನನಗ ಗೊತ್ತಿಲ್ಲದಂಗ ಏನ ಮಾಡಿದ್ರು ಅಂವಗ? ಮಲಗಿದಾಗೆಲ್ಲ ಅದನ್ನ ಹುಡುಕ್ಯಾಡತೇನಿ. ಒಂದೂ ಸಿಗವಲ್ತು.”

“ಏನೂ ಮಾಡಿಲ್ರಿ,” ಎಂದೆ. “ಮಲ್ಲಪ್ಪ ಅಂಜತಿರಲಿಲ್ಲ.”

“ಹಂಗಾರ ಯಾಕ ಬರಸಿದ?”

ಹೇಳಿದೆ. ಕೊನೆಗೂ ಹೇಳಿದೆ: ಆ ಸಾಲು ನಾನು ಹಾಕಿದ್ದು, ಇಲ್ಲದಿದ್ದರೆ ಅರ್ಜಿ ಕುಂದರತಿತ್ತು ಎಂದು. ಇದು ನಾನು ಕಟ್ಟಿಕೊಂಡದ್ದಲ್ಲ, ಏಕೆಂದರೆ ಕಟ್ಟಿಕೊಂಡಿದ್ದರೆ ಅವಳ ಕೈಯಿಂದ ಒಂದು ಏಟನ್ನೋ ಒಂದು ಬೈಗುಳವನ್ನೋ ಇಡುತ್ತಿದ್ದೆ. ಅವಳು ಪೆನ್ನನ್ನು ಟೇಬಲ್ಲಿನ ಮೇಲಿಟ್ಟು, “ಕುಂತಿದ್ರ ಕುಂದರತಿತ್ತಲ್ರಿ,” ಎಂದಳು. ಅಷ್ಟೇ. ಎದ್ದು ಹೋದಳು.

ಅಂಗಡಿ ಮಾರಿದೆ. ಈಗ ಬನಹಟ್ಟಿಯಲ್ಲಿ ಸೀರೆಗಳ ಸೆರಗಿಗೆ ಗೊಂಡೆ ಕಟ್ಟುತ್ತೇನೆ. ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ಅಳಿಸಿ ಕೊಡಬೇಕಿತ್ತು. ಅಳಿಸಿದ್ದೆ ಎಂದೇ ಹೋದ ತಿಂಗಳವರೆಗೆ ನಂಬಿದ್ದೆ.

ಆ ದಿನ ಸರದಿಯಲ್ಲಿ ನನ್ನ ಮುಂದೆ ಕುಳಿತಿದ್ದ ಟವೆಲ್ಲಿನ ರೈತ ಬೀಳಗಿ ಕಡೆಯವನು. ಹಂದಿಯ ಕಾಟ ಎಂದು ಹೇಳಿದ್ದು ನನಗೂ ಕೇಳಿಸಿತ್ತು. ನಾನು ಬಾಗಿಲೊಳಗೆ ತಲೆ ಹಾಕಿ, “ಬರೀ ಹಂದಿ ಅಂತ ಬರೀರಿ, ಮನಷ್ಯಾರ ಹೆಸರ ಹಾಕಬ್ಯಾಡ್ರಿ,” ಎಂದೆ.

ಅಂಗಡಿಯವನು ನನ್ನ ಗುರುತು ಹಿಡಿದು ನಕ್ಕ. “ಬರ್ರಿ ಅಕ್ಕಾರ. ನೀವ ಬಿಟ್ಟಹೋದ ಸಾಲ ಇದು, ಮರತ್ರೇನು? ಹಂದಿ ಹೆಸರಿಲೆ ಕೊಟ್ಟರ ಕುಂದರತೈತಿ.” ರೈತನ ಕಡೆ ತಿರುಗಿದ. “ಹೇಳ್ರಿ. ಬಾಜೂ ಹೊಲದಾವರು ಯಾರು?”

ರೈತ ಕ್ಷಣ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಒಂದು ಹೆಸರು ಹೇಳಿದ. ಅವರಪ್ಪನ ಹೆಸರು, ಅಡ್ಡಹೆಸರು, ಸರ್ವೆ ನಂಬರು, ಯಾರೂ ಕೇಳದೆಯೇ, ಎಲ್ಲಿಯೂ ತಡವರಿಸದೆ, ಒಂದೊಂದಾಗಿ ಹೇಳಿದ.